ಹಳೆಯ ಮೋಟಾರು ಸೈಕಲಿನ ಡ್ರಮ್ ಬ್ರೇಕು: ದೋಷವೂ ಪರಿಹಾರವೂ

ವಾಹನವನ್ನು ಓಡಿಸುವ ಶಕ್ತಿಯ ವಿಚಾರವಾಗಿ ನಮ್ಮಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಅದನ್ನು ನಿಲ್ಲಿಸುವ ಶಕ್ತಿಯ ವಿಚಾರವಾಗಿ ನಡೆಯುವ ಮಾತು ಬಹಳ ಕಡಿಮೆ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬ್ರೇಕಿಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಆದರೆ ತಂದೆಯೋ ಅಜ್ಜನೋ ಬಿಟ್ಟುಹೋದ ಹಳೆಯ ಜಾವಾ, ಯಜ್ದಿ, ಬುಲೆಟ್ ಗಾಡಿಗಳನ್ನು ಒರಸಿ ತಿಕ್ಕಿ ಓಡಿಸುವ ಹವ್ಯಾಸ ನಮ್ಮ ಯುವಕರಲ್ಲಿ ಬೆಳೆಯುತ್ತಿದೆ. ಅಲ್ಲದೆ ನಮ್ಮಲ್ಲಿ ಹಲವರು ದಿನವೂ ಹತ್ತಿ ಬರುವ ಸಣ್ಣ ಸ್ಕೂಟರು, ಬೈಕುಗಳಲ್ಲಿಯೂ ಕನಿಷ್ಠ ಒಂದು ಗಾಲಿಗೆ ಡ್ರಮ್ ಬ್ರೇಕೇ ಇರುತ್ತದೆ. ಕದ್ರಿ ಗುಡ್ಡೆಯನ್ನೋ ಲೈಟ್‌ಹೌಸ್ ಹಿಲ್ ರಸ್ತೆಯನ್ನೋ ಮಳೆಯಲ್ಲಿ ಇಳಿದವರಿಗೆ ಈ ವಿಷಯ ಪರಕೀಯವಾಗಲಾರದು.

“ಹಳೆಯ ಗಾಡಿಗೆ ಬ್ರೇಕೇ ಇಲ್ಲ” ಎಂಬುದು ರೂಢಿಯ ಮಾತು. ಇದು ಎಷ್ಟರಮಟ್ಟಿಗೆ ನಿಜ, ನಿಜವಾಗಿದ್ದರೆ ಕಾರಣವೇನು, ಗಾಡಿಯ ಮೂಲರೂಪವನ್ನು ಕೆಡಿಸದೆ ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸ್ವಲ್ಪ ಇತಿಹಾಸ

ಫ್ರಾನ್ಸಿನ ಲೂಯಿ ರೆನೋ ಎಂಬವನು ೧೯೦೨ರಲ್ಲಿ ಈಗಿನ ರೀತಿಯ ಡ್ರಮ್ ಬ್ರೇಕನ್ನು ರೂಪಿಸಿದನು. ತರುವಾಯ ಅರ್ಧ ಶತಮಾನಕ್ಕೂ ಮಿಕ್ಕಿ ಕಾರು, ಲಾರಿ, ಮೋಟಾರು ಸೈಕಲುಗಳಲ್ಲಿ ಅದರದೇ ಆಳ್ವಿಕೆ. ೧೯೬೯ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯ ಸಿ.ಬಿ. ೭೫೦ ಗಾಡಿ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕನ್ನು ಹೊತ್ತು ಬಂದ ಮೇಲೆ ಕಾಲ ಬದಲಾಯಿತು.

ನಮ್ಮ ನಾಡಿನಲ್ಲಿ ಈ ಕತೆಗೆ ಮುಖ್ಯ ಸ್ಥಳ ಮೈಸೂರು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯಿಂದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಿಂದ ಮೋಟಾರು ಸೈಕಲುಗಳನ್ನು ತಯಾರಿಸತೊಡಗಿತು. ೧೯೭೩ರಿಂದ ಯಜ್ದಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಉಳಿದವು. ೨೦೧೮ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಅವುಗಳಿಗೆ ಡಿಸ್ಕ್ ಬ್ರೇಕು ಇದೆ. ಹಳೆಯವು ಮಾತ್ರ ಎರಡು ಗಾಲಿಗಳಲ್ಲಿಯೂ ಡ್ರಮ್ಮನ್ನೇ ನಂಬಿಕೊಂಡಿವೆ.

ಹಾಗಾದರೆ ಹಳೆಯ ಗಾಡಿಗೆ ಡಿಸ್ಕನ್ನು ಜೋಡಿಸಿಬಿಟ್ಟರಾಗದೆ? ಕೆಲವರು ಹಾಗೆ ಮಾಡುವುದುಂಟು. ಆದರೆ ಮುಂದಿನ ಫೋರ್ಕು, ಗಾಲಿಯ ಗುಂಬ, ಹಿಡಿಕೆ ಎಲ್ಲವನ್ನೂ ಅದಕ್ಕಾಗಿ ಬದಲಿಸಬೇಕಾಗುತ್ತದೆ. ೨೦೨೧ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯೂ ಇದೆ. ಆದುದರಿಂದ ಇದ್ದ ಬ್ರೇಕನ್ನೇ ಚೆನ್ನಾಗಿ ಮಾಡಿಕೊಳ್ಳುವುದು ವಿವೇಕ.

ಬ್ರೇಕು ಮಾಡುವ ಕೆಲಸವೇನು?

ಗಾಲಿಯ ನಡುವೆ ಗಾಲಿಯೊಂದಿಗೆ ತಿರುಗುವ ಬೀಡುಕಬ್ಬಿಣದ ಬಳೆಯೇ ಡ್ರಮ್ಮು. ಅದರ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಒಂದು ತಟ್ಟೆಯ ಮೇಲೆ ಕುಳಿತಿರುತ್ತವೆ. ಶೂಗಳ ಹೊರಮೈಗೆ ಲೈನಿಂಗನ್ನು ಅಂಟಿಸಿರುತ್ತಾರೆ ಅಥವಾ ರಿವೆಟ್ ಹೊಡೆದಿರುತ್ತಾರೆ. ಶೂಗಳ ಒಂದು ತುದಿ ಒಂದು ಗೂಟಕ್ಕೆ ಆತುಕೊಂಡಿದೆ. ಇನ್ನೊಂದು ತುದಿಗಳ ನಡುವೆ ಕ್ಯಾಮ್ ಎಂಬ ಚಪ್ಪಟೆ ತುಂಡು ಇದೆ. ಹಿಡಿಕೆಯನ್ನು ಒತ್ತಿದಾಗ ಕೇಬಲ್ಲು ಎಳೆಯುತ್ತದೆ, ಕ್ಯಾಮ್ ತಿರುಗುತ್ತದೆ, ಶೂಗಳು ಅಗಲಿ ಡ್ರಮ್ಮಿಗೆ ಒತ್ತುತ್ತವೆ. ಬಿಟ್ಟಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುತ್ತವೆ.

ಚಲಿಸುವ ವಸ್ತುವಿನ ಶಕ್ತಿ ನಾಶವಾಗುವುದಿಲ್ಲ, ರೂಪಾಂತರ ಹೊಂದುತ್ತದೆ ಎಂಬುದನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಬ್ರೇಕಿನಲ್ಲಿ ಅದು ಉಷ್ಣವಾಗುತ್ತದೆ. ಇಬ್ಬರು ಸವಾರರೊಡನೆ ಗಾಡಿಯ ಒಟ್ಟು ತೂಕ ೩೦೦ ಕಿಲೋ ಎಂದೂ, ವೇಗ ಗಂಟೆಗೆ ೬೦ ಕಿಲೋಮೀಟರು ಎಂದೂ ಇಟ್ಟುಕೊಳ್ಳೋಣ. ಚಲನಶಕ್ತಿ ಸುಮಾರು ೪೨,೦೦೦ ಜೂಲ್ ಆಗುತ್ತದೆ. ವೇಗವನ್ನು ೩೦ಕ್ಕೆ ಇಳಿಸಿದರೆ ಈ ಶಕ್ತಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ನಿಧಾನವಾಗಿ ಹೋಗಬೇಕೆಂಬ ಹಿರಿಯರ ಮಾತಿಗೆ ಗಣಿತವೂ ಸಾಕ್ಷಿ ನುಡಿಯುತ್ತದೆ.

ಎರಡು ಶೂಗಳ ಸ್ವಭಾವಭೇದ

ನೋಡಲು ಶೂಗಳೆರಡೂ ಒಂದೇ ಬಗೆ. ಕೆಲಸದಲ್ಲಿ ಮಾತ್ರ ಬೇರೆ ಬೇರೆ. ಕೈಯಲ್ಲೊಂದು ದೊಣ್ಣೆ ಹಿಡಿದು, ಅದರ ತುದಿಯನ್ನು ಮುಂದಕ್ಕೆ ಚಾಚಿ ನೆಲಕ್ಕೊತ್ತಿ ನಡೆಯಿರಿ. ತುದಿ ನೆಲವನ್ನು ಕಚ್ಚಿ ನಿಮ್ಮನ್ನೇ ತಡೆಯುತ್ತದೆ. ಅದೇ ದೊಣ್ಣೆಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಸುಮ್ಮನೆ ಜಾರಿಕೊಂಡು ಬರುತ್ತದೆ. ಡ್ರಮ್ಮು ತಿರುಗುವಾಗ ಒಂದು ಶೂವನ್ನು ಘರ್ಷಣೆಯೇ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಕೈಬಲಕ್ಕೆ ಗಾಡಿಯ ಚಲನೆಯೇ ಬಲ ಕೂಡಿಸುತ್ತದೆ. ಇದನ್ನು ಲೀಡಿಂಗ್ ಶೂ ಎನ್ನುತ್ತಾರೆ. ನಾವು ಮುಂದಾಳು ಶೂ ಎನ್ನೋಣ. ಇನ್ನೊಂದನ್ನು ಘರ್ಷಣೆಯು ಹೊರಕ್ಕೆ ತಳ್ಳುತ್ತದೆ. ಇದು ಟ್ರೇಲಿಂಗ್ ಶೂ, ಅಂದರೆ ಹಿಂಬಾಲಕ. ಹಳೆಯ ಬ್ರೇಕನ್ನು ಬಿಚ್ಚಿದಾಗ ಒಂದು ಲೈನಿಂಗು ಹೆಚ್ಚು ಸವೆದು ಇನ್ನೊಂದು ಅಷ್ಟಾಗಿ ಸವೆಯದೆ ಇರುವುದಕ್ಕೆ ಕಾರಣ ಇದೇ.

ಎರಡು ಕ್ಯಾಮ್‌ಗಳನ್ನಿಟ್ಟು ಶೂಗಳೆರಡನ್ನೂ ಮುಂದಾಳುಗಳನ್ನಾಗಿ ಮಾಡುವ ವಿಧಾನವೂ ಉಂಟು. ಜಪಾನಿನ ಯಮಹಾ ಆರ್.ಡಿ. ೩೫೦ ಗಾಡಿಯನ್ನು ಎಸ್ಕಾರ್ಟ್ಸ್ ಸಂಸ್ಥೆಯು ೧೯೮೩ರಿಂದ ರಾಜದೂತ್ ೩೫೦ ಎಂಬ ಹೆಸರಿನಲ್ಲಿ ಭಾರತದಲ್ಲಿ ತಯಾರಿಸಿದಾಗ, ಮುಂದಿನ ಡಿಸ್ಕಿನ ಬದಲಿಗೆ ಇಂತಹ ಡ್ರಮ್ಮನ್ನೇ ಕೊಟ್ಟಿತ್ತು. ಅದರ ಹಿಡಿತ ಹೆಚ್ಚು. ಆದರೆ ಗಾಡಿ ಹಿಂದಕ್ಕೆ ಜಾರುವಾಗ ಎರಡೂ ಶೂಗಳು ಹಿಂಬಾಲಕಗಳಾಗುವುದರಿಂದ ಏರಿನಲ್ಲಿ ನಿಂತಾಗ ಮುಂದಿನ ಬ್ರೇಕು ಹಿಡಿಯುವುದೇ ಇಲ್ಲವೆನ್ನಬೇಕು. ಹಿಂದಿನ ಬ್ರೇಕನ್ನು ಒತ್ತಿಕೊಂಡಿರಬೇಕು. ಎರಡು ಕ್ಯಾಮ್‌ಗಳನ್ನು ಕೂಡಿಸುವ ಸರಳು ಸರಿಯಾದ ಉದ್ದದಲ್ಲಿದ್ದು ಶೂಗಳೆರಡೂ ಒಂದೇ ಕ್ಷಣದಲ್ಲಿ ಮುಟ್ಟುವಂತಿರಬೇಕು. ಇಲ್ಲದಿದ್ದರೆ ಹೆಚ್ಚಿನ ಖರ್ಚಿಗೆ ಒಂದೇ ಶೂವಿನ ಫಲ.

ಸಣ್ಣ ನಷ್ಟಗಳ ಗುಣಾಕಾರ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾವ ಭಾಗವೂ ಮುರಿದಿಲ್ಲ, ಆದರೂ ಬ್ರೇಕು ಹಿಡಿಯುವುದಿಲ್ಲ; ಇದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ತುಕ್ಕು ಹಿಡಿದ ಕೇಬಲ್ಲು ಕೈಬಲದ ಐದನೆಯ ಒಂದು ಪಾಲನ್ನು ತಾನೇ ನುಂಗಿದರೆ ಉಳಿಯುವುದು ನೂರಕ್ಕೆ ೮೦. ಕ್ಯಾಮಿನ ತೋಳು ಕೇಬಲ್ಲಿಗೆ ಲಂಬವಾಗಿರುವ ಬದಲು ೬೦ ಡಿಗ್ರಿಯಲ್ಲಿದ್ದರೆ ಅದರಲ್ಲಿ ದಕ್ಕುವುದು ನೂರಕ್ಕೆ ೮೭. ಲೈನಿಂಗಿನ ಮೈ ಗಾಜಿನಂತೆ ನುಣುಪಾಗಿ ಘರ್ಷಣೆ ಐದನೆಯ ಒಂದು ಪಾಲು ಕುಗ್ಗಿದರೆ ಮತ್ತೆ ನೂರಕ್ಕೆ ೮೦. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ದೋಷವಲ್ಲ. ಆದರೆ ಇವು ಒಂದರಿಂದೊಂದು ಗುಣಿಸಲ್ಪಡುತ್ತವೆ. ಮೂರನ್ನೂ ಗುಣಿಸಿದರೆ ನೂರಕ್ಕೆ ೫೬ ಮಾತ್ರ ಉಳಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿ ೬೦ರ ವೇಗದಿಂದ ೨೮ ಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿ ಈಗ ೫೦ ಮೀಟರಿನಷ್ಟು ದೂರ ಓಡುತ್ತದೆ. ನಡುವಿನ ಅಂತರ ಎರಡು ಸಿಟಿ ಬಸ್ಸುಗಳು ನಿಲ್ಲುವಷ್ಟು ಜಾಗ. ರಸ್ತೆ ದಾಟುವ ಮಗುವಿಗೆ ಆ ಜಾಗವೇ ಜೀವ.

ಆದುದರಿಂದ ಹೊಸ ಬಲವನ್ನು ಕೊಂಡು ತರುವುದಕ್ಕಿಂತ ಮೊದಲು ಇದ್ದ ಬಲ ಎಲ್ಲೆಲ್ಲಿ ಸೋರುತ್ತಿದೆ ಎಂದು ನೋಡಬೇಕು. ಅದೃಷ್ಟವಶಾತ್ ಗುಣಾಕಾರವು ಎರಡೂ ಕಡೆಗೆ ನಡೆಯುತ್ತದೆ. ಸಣ್ಣ ಸಣ್ಣ ದುರಸ್ತಿಗಳೂ ಕೂಡಿ ದೊಡ್ಡ ಫಲವನ್ನು ಕೊಡುತ್ತವೆ.

ದುರಸ್ತಿಯ ಕ್ರಮ

ಮೊದಲನೆಯದಾಗಿ ಕೇಬಲ್ಲು. ಸಮುದ್ರದ ಉಪ್ಪುಗಾಳಿಗೆ ನಮ್ಮೂರಿನಲ್ಲಿ ಒಳತಂತಿ ಬೇಗ ತುಕ್ಕು ಹಿಡಿಯುತ್ತದೆ. ಒಂದು ತುದಿಯನ್ನು ಕಳಚಿ ಕೈಯಿಂದ ಎಳೆದು ನೋಡಬೇಕು. ಎಲ್ಲಿಯೂ ತಡೆಯದೆ ಜಾರಬೇಕು. ಎಳೆ ಬಿಚ್ಚಿದ್ದರೆ ಅಥವಾ ಹೊರಕವಚ ಒತ್ತಿದಾಗ ಕುಗ್ಗುವಂತಿದ್ದರೆ ಹೊಸದನ್ನೇ ಹಾಕಬೇಕು. ಕೇಬಲ್ಲು ಸಾಗುವ ದಾರಿಯಲ್ಲಿ ಚೂಪಾದ ತಿರುವು ಇರಕೂಡದು.

ಎರಡನೆಯದು ಕ್ಯಾಮಿನ ತೋಳು. ಬ್ರೇಕನ್ನು ಪೂರ್ತಿ ಒತ್ತಿದಾಗ ತೋಳಿಗೂ ಕೇಬಲ್ಲಿಗೂ ನಡುವೆ ೯೦ ಡಿಗ್ರಿಯ ಹತ್ತಿರ ಕೋನವಿರಬೇಕು. ಸುಮ್ಮನೆ ನಿಂತಾಗಲೇ ೯೦ ಇದ್ದರೆ ಒತ್ತುವ ಹೊತ್ತಿಗೆ ಅದು ಮೀರಿಹೋಗಿ ಬಲ ಕುಗ್ಗುತ್ತದೆ. ಹಲ್ಲು ಕೊರೆದ ಕಂಬದ ಮೇಲೆ ತೋಳನ್ನು ಒಂದು ಹಲ್ಲು ಸರಿಸಿ ಕೂರಿಸಿದರೆ ಇದು ಸರಿಯಾಗುತ್ತದೆ. ಆದರೆ ಲೈನಿಂಗು ಪೂರ್ತಿ ಸವೆದಿರುವಾಗ ಹೀಗೆ ಸರಿಸಿ ಸರಿಸಿ ಕಾಲ ತಳ್ಳುವುದು ಅಪಾಯ. ಕ್ಯಾಮ್ ಅತಿಯಾಗಿ ತಿರುಗಿ ಹಿಂದಕ್ಕೆ ಬಾರದೆ ನಿಂತುಬಿಟ್ಟರೆ ಗಾಲಿ ಓಟದಲ್ಲಿಯೇ ಕಚ್ಚಿಕೊಳ್ಳುತ್ತದೆ.

ತೋಳನ್ನೇ ಉದ್ದ ಮಾಡಿದರೆ ಬಲ ಹೆಚ್ಚುವುದಿಲ್ಲವೆ? ಹೆಚ್ಚುತ್ತದೆ, ಆದರೆ ಸನ್ನೆಯ ನಿಯಮದಂತೆ ಹಿಡಿಕೆಯನ್ನು ಎಳೆಯಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಹಿಡಿಕೆ ಹ್ಯಾಂಡಲಿಗೆ ಮುಟ್ಟಿಬಿಟ್ಟ ಮೇಲೆ ಬಲದ ಮಾತೇ ಇಲ್ಲ. ಶೂಗಳು ಡ್ರಮ್ಮಿಗೆ ಅತಿ ಸಮೀಪದಲ್ಲಿ ಸಮವಾಗಿ ಕುಳಿತಿದ್ದರೆ ಮಾತ್ರ ಉದ್ದ ತೋಳು ಪ್ರಯೋಜನಕ್ಕೆ ಬರುತ್ತದೆ.

ಮೂರನೆಯದು ಡ್ರಮ್ಮು. ಬ್ರೇಕು ಒತ್ತಿದಾಗ ಹಿಡಿಕೆ ಕೈಯಲ್ಲಿ ಮಿಡಿಯುತ್ತಿದ್ದರೆ ಡ್ರಮ್ಮು ಪೂರ್ಣ ವೃತ್ತವಾಗಿಲ್ಲವೆಂದು ತಿಳಿಯಬೇಕು. ಅದನ್ನು ಲೇತಿನಲ್ಲಿ ಕೊಟ್ಟು ತೆಳ್ಳಗೆ ಹೊಡೆಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಕಡ್ಡಿಗಳನ್ನು ಬಿಗಿದ ಮೇಲೆ ಗುಂಬವು ಕೂದಲೆಳೆಯಷ್ಟು ಆಕಾರಗೆಡುತ್ತದೆ. ಆದುದರಿಂದ ಕಡ್ಡಿ, ರಿಮ್ಮುಗಳ ಸಮೇತ ಪೂರ್ತಿ ಗಾಲಿಯನ್ನೇ ಲೇತಿಗೆ ಹತ್ತಿಸುವುದು ಉತ್ತಮ. ಮೊದಲು ಡ್ರಮ್ಮು ಹೊಡೆಸಿ ಆಮೇಲೆ ಕಡ್ಡಿ ಕಟ್ಟಿದರೆ ಮಾಡಿದ ಕೆಲಸ ವ್ಯರ್ಥವಾಗಬಹುದು. ತಯಾರಕರು ಹೇಳಿದ ಮಿತಿಗಿಂತ ಹೆಚ್ಚು ಲೋಹವನ್ನು ತೆಗೆಯಲೂಬಾರದು.

ನಾಲ್ಕನೆಯದು ಲೈನಿಂಗು. ಡ್ರಮ್ಮನ್ನು ಹೊಡೆಸಿದ ಮೇಲೆ ಅದರ ಒಳವ್ಯಾಸ ಹಿಗ್ಗುತ್ತದೆ. ಹಳೆಯ ಲೈನಿಂಗು ನಡುವಿನಲ್ಲಿ ಮಾತ್ರ ಮುಟ್ಟುತ್ತದೆ. ದಪ್ಪನೆಯ ಲೈನಿಂಗನ್ನು ಹಾಕಿಸಿ ಡ್ರಮ್ಮಿನ ವಕ್ರತೆಗೆ ಸರಿಯಾಗಿ ತಿಕ್ಕಬೇಕು. ಸೀಮೆಸುಣ್ಣದ ಪರೀಕ್ಷೆ ಇದಕ್ಕೆ ಸುಲಭೋಪಾಯ. ಲೈನಿಂಗಿನ ಮೇಲೆಲ್ಲ ಸೀಮೆಸುಣ್ಣ ಬಳಿದು, ಗಾಲಿಯನ್ನು ಜೋಡಿಸಿ, ಮೆಲ್ಲನೆ ಬ್ರೇಕು ಹಿಡಿದು ಒಂದೆರಡು ಸುತ್ತು ತಿರುಗಿಸಿ ಬಿಚ್ಚಬೇಕು. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ಎತ್ತರ. ಅಲ್ಲಿ ಮಾತ್ರ ಉಪ್ಪುಕಾಗದದಿಂದ ತಿಕ್ಕಬೇಕು. ಹೀಗೆ ಹಲವು ಸಲ ಮಾಡಿದರೆ ಬಹುಪಾಲು ಮೈ ಡ್ರಮ್ಮನ್ನು ಮುಟ್ಟುತ್ತದೆ. ಶೂವಿನ ಮೊದಲ ಅಂಚನ್ನು ಸ್ವಲ್ಪ ಇಳಿಜಾರಾಗಿ ತಿಕ್ಕಿದರೆ ಬ್ರೇಕು ಹಠಾತ್ತನೆ ಕಚ್ಚುವುದಿಲ್ಲ.

ಘರ್ಷಣೆಯು ಮುಟ್ಟುವ ಮೈಯ ವಿಸ್ತಾರವನ್ನು ಅವಲಂಬಿಸಿಲ್ಲವೆಂದು ಭೌತಶಾಸ್ತ್ರ ಹೇಳುತ್ತದೆಯಲ್ಲ, ಹಾಗಿದ್ದರೆ ಈ ಶ್ರಮವೇಕೆ ಎಂದು ವಿಜ್ಞಾನ ಬಲ್ಲ ಮಿತ್ರರು ಆಕ್ಷೇಪಿಸಬಹುದು. ಆಕ್ಷೇಪ ಸಾಧುವೇ. ಆದರೆ ಸ್ವಲ್ಪವೇ ಜಾಗ ಮುಟ್ಟಿದರೆ ಉಷ್ಣವೆಲ್ಲ ಆ ಜಾಗದಲ್ಲಿ ಒಟ್ಟಾಗಿ ಲೈನಿಂಗು ಬೇಗ ಸುಡುತ್ತದೆ, ಗಾಜುಗಟ್ಟುತ್ತದೆ. ಅಲ್ಲದೆ ಶೂ ಯಾವ ಭಾಗದಲ್ಲಿ ಮುಟ್ಟುತ್ತದೆ ಎಂಬುದರ ಮೇಲೆ ಮುಂದಾಳು ಶೂವಿನ ಸ್ವಯಂಬಲವೂ ನಿಂತಿದೆ.

ಗ್ರೀಸು ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮರಳಿ ಹಾಕುವವರಿದ್ದಾರೆ. ಒಳಗೆ ಇಳಿದ ಜಿಡ್ಡು ಬಿಸಿಯಾದೊಡನೆ ಮೇಲಕ್ಕೆ ಬರುತ್ತದೆ. ಅದನ್ನು ಎಸೆದುಬಿಡುವುದೇ ಲೇಸು. ಬೇರಿಂಗಿನ ಸೀಲು ಸರಿಯಿದೆಯೇ ಎಂದು ನೋಡಿ, ಕ್ಯಾಮಿಗೆ ಗ್ರೀಸನ್ನು ಉಗುರಿನ ತುದಿಯಷ್ಟು ಮಾತ್ರ ಹಚ್ಚಬೇಕು.

ಐದನೆಯದು ತಟ್ಟೆಯನ್ನು ನಡುವಿಗೆ ಕೂರಿಸುವುದು. ಇದಕ್ಕೆ ಕಾಸು ಖರ್ಚಿಲ್ಲ. ಆಕ್ಸಲಿನ ನಟ್ಟನ್ನು ಸಡಿಲಿಸಿ, ಗಾಲಿಯನ್ನು ತಿರುಗಿಸಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಬೇಕು. ಆಗ ಶೂಗಳು ತಾವಾಗಿ ಡ್ರಮ್ಮಿನ ನಡುವೆ ನೆಲೆಗೊಳ್ಳುತ್ತವೆ. ಹಿಡಿತವನ್ನು ಬಿಡದೆ ಹಾಗೆಯೇ ನಟ್ಟನ್ನು ಬಿಗಿಯಬೇಕು. ಕೊನೆಗೆ ತಟ್ಟೆಯನ್ನು ತಿರುಗದಂತೆ ತಡೆಯುವ ಆಧಾರ, ಅದರ ಬೋಲ್ಟು, ಪಿನ್ನು ಭದ್ರವಾಗಿವೆಯೇ ಎಂದು ಎರಡು ಸಲ ನೋಡಬೇಕು. ಅದು ಕಳಚಿದರೆ ತಟ್ಟೆಯೇ ಗಾಲಿಯೊಡನೆ ತಿರುಗಿ, ಕೇಬಲ್ಲನ್ನು ಸುತ್ತಿಕೊಂಡು, ಸವಾರನನ್ನು ಕೆಡವುತ್ತದೆ.

ಹೊಸ ಲೈನಿಂಗು ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಕೆಲವು ದಿನ ಸಾಧಾರಣ ವೇಗದಲ್ಲಿ ಮೆಲ್ಲಮೆಲ್ಲನೆ ಒತ್ತಿ ಪಳಗಿಸಬೇಕು.

ಕಲ್ನಾರಿನ ಧೂಳು

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಹಳೆಯ ಕಾಲದ ಲೈನಿಂಗುಗಳಲ್ಲಿ ಕಲ್ನಾರನ್ನು ಸೇರಿಸುತ್ತಿದ್ದರು. ಶಾಖಕ್ಕೆ ಅದು ಜಗ್ಗುತ್ತಿರಲಿಲ್ಲ. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿದರೆ ಹತ್ತಾರು ವರ್ಷಗಳ ಬಳಿಕ ಶ್ವಾಸಕೋಶದ ರೋಗ ಮತ್ತು ಅರ್ಬುದ ತೋರಬಹುದು. ಡ್ರಮ್ಮನ್ನು ಬಿಚ್ಚಿ ಬಾಯಿಂದಲೋ ಗಾಳಿಯ ಪೈಪಿನಿಂದಲೋ ಧೂಳು ಊದುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ಅದನ್ನು ಬಿಡಬೇಕು, ಬಿಡಿಸಬೇಕು. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕುವುದು, ಹಳೆಯ ಲೈನಿಂಗನ್ನು ಒಣಗಿದ್ದಾಗ ತಿಕ್ಕದಿರುವುದು, ಮುಖಕ್ಕೆ ತಕ್ಕ ಮಾಸ್ಕು ಹಾಕಿಕೊಳ್ಳುವುದು ಇಷ್ಟನ್ನಾದರೂ ಪಾಲಿಸಬೇಕು. ಹೊಸದನ್ನು ಹಾಕಿಸುವಾಗ ಕಲ್ನಾರಿಲ್ಲದ್ದನ್ನೇ ಕೇಳಿ ಪಡೆಯಬೇಕು. ನಮ್ಮ ಹವ್ಯಾಸದ ಬೆಲೆಯನ್ನು ಗ್ಯಾರೇಜಿನ ಹುಡುಗನ ಎದೆ ತೆರುವಂತಾಗಬಾರದು.

ಮಳೆ ಮತ್ತು ಮಣ್ಣು

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಡ್ರಮ್ಮು ಮುಚ್ಚಿರುವುದರಿಂದ ಸಾಧಾರಣ ಹನಿಗಳಿಗೆ ಬ್ರೇಕು ಅಂಜುವುದಿಲ್ಲ. ಅದು ಅದರ ಗುಣ. ಆದರೆ ಗುಂಬ ಮುಳುಗುವಷ್ಟು ನೀರಿನಲ್ಲಿ ಹಾದರೆ ಒಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ಅದು ಅದರ ದೋಷ. ನೀರು ದಾಟಿದೊಡನೆ ನಿಧಾನವಾಗಿ ಹೋಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಹುಟ್ಟುವ ಶಾಖದಿಂದ ಲೈನಿಂಗು ಒಣಗುತ್ತದೆ. ಮಳೆಗಾಲದಲ್ಲಿ ರಾತ್ರಿ ನಿಂತ ಗಾಡಿಯ ಡ್ರಮ್ಮಿಗೆ ತೆಳುವಾದ ತುಕ್ಕು ಬರುತ್ತದೆ. ಮರುದಿನ ಬೆಳಿಗ್ಗೆ ಮೊದಲ ಸಲ ಒತ್ತಿದಾಗ ಅದು ಥಟ್ಟನೆ ಕಚ್ಚುವುದುಂಟು. ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಕಚ್ಚಿದರೆ ಬೀಳುವುದು ಖಂಡಿತ. ಆದುದರಿಂದ ಮನೆಯಂಗಳದಲ್ಲಿಯೇ ಎರಡು ಮೂರು ಸಲ ಮೆಲ್ಲನೆ ಒತ್ತಿ ನೋಡಿ ಹೊರಡಬೇಕು.

ವಿದೇಶಗಳ ಓಟದ ಗಾಡಿಗಳನ್ನು ನೋಡಿ ತಟ್ಟೆಗೆ ಗಾಳಿಯ ಕಿಂಡಿ ಕೊರೆಯುವವರಿದ್ದಾರೆ. ಒಣ ಹವೆಯ ಓಟದ ಕಣದಲ್ಲಿ ಅದು ಸರಿ. ನಮ್ಮಲ್ಲಿ ಆ ಕಿಂಡಿಯಿಂದ ಗಾಳಿಗಿಂತ ಮೊದಲು ನೀರೂ ಮುರಕಲ್ಲಿನ ಕೆಂಪು ರಾಡಿಯೂ ಒಳಸೇರುತ್ತವೆ. ಆ ಮಣ್ಣು ಡ್ರಮ್ಮನ್ನು ಅರದಂತೆ ಕೊರೆಯುತ್ತದೆ. ತೂತು ಕೊರೆದ ತಟ್ಟೆಯ ಬಲವೂ ಕುಂದುತ್ತದೆ. ಕರಾವಳಿಗೆ ಇದು ಹೇಳಿಸಿದ್ದಲ್ಲ.

ಘಾಟಿಯ ಪರೀಕ್ಷೆ

ಎಷ್ಟು ಚೆನ್ನಾಗಿ ದುರಸ್ತಿ ಮಾಡಿದರೂ ಡ್ರಮ್ಮಿಗೆ ಒಂದು ಮಿತಿಯಿದೆ. ಅದು ಉಷ್ಣದ ಮಿತಿ. ಮೈಸೂರಿನಲ್ಲಿ ಹುಟ್ಟಿದ ಜಾವಾ ಮಡಿಕೇರಿಯ ದಾರಿಯಾಗಿ ಮಂಗಳೂರಿಗೆ ಬರಬೇಕಾದರೆ ಸಂಪಾಜೆ ಘಾಟಿಯನ್ನು ಇಳಿಯಬೇಕು. ಮಡಿಕೇರಿಯಿಂದ ಸುಳ್ಯಕ್ಕೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ೧,೦೦೦ ಮೀಟರು ಇಳಿದಿರುತ್ತೇವೆ. ನಮ್ಮ ೩೦೦ ಕಿಲೋ ತೂಕದ ಗಾಡಿ ಈ ಇಳಿತದಲ್ಲಿ ಕಳೆಯಬೇಕಾದ ಶಕ್ತಿ ೨೯ ಲಕ್ಷ ಜೂಲಿಗೂ ಮೇಲೆ. ಇದು ೬೦ರ ವೇಗದಿಂದ ಎಪ್ಪತ್ತು ಸಲ ನಿಲ್ಲಿಸಿದ್ದಕ್ಕೆ ಸಮ. ಹತ್ತು ಲೀಟರು ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಸಾಕು. ಗಾಳಿಯೂ ಟಯರೂ ಎಂಜಿನ್ನೂ ಇದರಲ್ಲಿ ಪಾಲು ಪಡೆದಷ್ಟೂ ಬ್ರೇಕಿಗೆ ಹೊರೆ ಕಡಿಮೆ.

ಡ್ರಮ್ಮು ಕಾದಾಗ ಎರಡು ಕೆಡುಕುಗಳಾಗುತ್ತವೆ. ಲೈನಿಂಗಿನ ಘರ್ಷಣೆ ಕುಗ್ಗುತ್ತದೆ. ಜೊತೆಗೆ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ೧೬೦ ಮಿಲಿಮೀಟರು ವ್ಯಾಸದ ಬೀಡುಕಬ್ಬಿಣದ ಬಳೆ ೧೫೦ ಡಿಗ್ರಿ ಹೆಚ್ಚು ಕಾದರೆ ಕಾಲು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅಷ್ಟೇ ಅಂತರವು ಸನ್ನೆಗಳ ಮೂಲಕ ಹಲವು ಪಟ್ಟಾಗಿ ಹಿಡಿಕೆಯಲ್ಲಿ ತೋರುತ್ತದೆ. ಹಿಡಿಕೆ ಹ್ಯಾಂಡಲಿನತ್ತ ಬರುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಕ್ಷೇಮವಾದ ಸ್ಥಳದಲ್ಲಿ ನಿಲ್ಲಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಬಾರದು, ಬೀಡು ಬಿರಿಯಬಹುದು. ಆಗಲೇ ಕೇಬಲ್ಲನ್ನು ಬಿಗಿಯಲೂಬಾರದು. ಡ್ರಮ್ಮು ತಣಿದು ಕುಗ್ಗಿದಾಗ ಶೂಗಳು ಸಿಕ್ಕಿಬೀಳುತ್ತವೆ.

ಜಾವಾ, ಯಜ್ದಿಗಳಿಗೆ ಇನ್ನೊಂದು ತೊಡಕಿದೆ. ಅವುಗಳದು ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಎಂಜಿನು. ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಬಹುದೂರ ಇಳಿದರೆ ಎಣ್ಣೆ ಸಾಲದೆ ಎಂಜಿನು ಕಚ್ಚುವ ಭಯ. ಈ ಭಯದಿಂದ ಕೆಲವರು ನ್ಯೂಟ್ರಲಿನಲ್ಲಿ ಗಾಡಿಯನ್ನು ಜಾರಬಿಡುತ್ತಾರೆ. ಆಗ ಇಡಿಯ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಕೆಳಗಿನ ಗೇರಿನಲ್ಲಿಯೇ ಇಳಿಯುತ್ತ, ಆಗಾಗ ಕ್ಲಚ್ಚು ಹಿಡಿದು ಆಕ್ಸಿಲರೇಟರನ್ನು ಒಂದು ಕ್ಷಣ ತಿರುವಿ ಎಂಜಿನಿಗೆ ಎಣ್ಣೆ ಸೇರಿಸುವುದು ಎರಡಕ್ಕೂ ಹಿತ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿದೊಡನೆ ಬಿಟ್ಟು ತಣಿಯಲು ಅವಕಾಶ ಕೊಡಬೇಕು.

ಮುಂದಿನ ಬ್ರೇಕನ್ನು ಮುಟ್ಟಿದರೆ ಬೀಳುತ್ತೇವೆ ಎಂಬ ತಪ್ಪು ತಿಳಿವಳಿಕೆಯೂ ನಮ್ಮಲ್ಲಿ ಬಹಳ. ಬ್ರೇಕು ಹಾಕಿದಾಗ ಭಾರವು ಮುಂದಕ್ಕೆ ಸರಿಯುತ್ತದೆ. ಮೇಲೆ ಹೇಳಿದ ೨೮ ಮೀಟರಿನ ನಿಲುಗಡೆಯಲ್ಲಿ ಹಿಂದಿನ ಗಾಲಿಯಿಂದ ಸುಮಾರು ೭೦ ಕಿಲೋ ಭಾರ ಮುಂದಿನದಕ್ಕೆ ಹೋಗುತ್ತದೆ. ಹಗುರವಾದ ಹಿಂದಿನ ಗಾಲಿಯನ್ನೊಂದನ್ನೇ ನಂಬಿದರೆ ಅದು ಕಚ್ಚಿ ಜಾರುತ್ತದೆ. ನೇರ ರಸ್ತೆಯಲ್ಲಿ, ಗಾಡಿ ನೆಟ್ಟಗಿರುವಾಗ, ಮುಂದಿನದನ್ನು ಕ್ರಮವಾಗಿ ಹೆಚ್ಚಿಸುತ್ತ ಎರಡನ್ನೂ ಬಳಸುವುದೇ ಸರಿಯಾದ ಕ್ರಮ.

ಸಾರಾಂಶ

ಹಳೆಯ ಗಾಡಿಗೆ ಬ್ರೇಕಿಲ್ಲವೆಂಬ ಮಾತು ಅರ್ಧಸತ್ಯ. ಅದಕ್ಕಿದ್ದ ಬ್ರೇಕನ್ನು ತುಕ್ಕು, ಜಿಡ್ಡು, ಸವೆತ ಮತ್ತು ನಮ್ಮ ಅಲಕ್ಷ್ಯಗಳು ಹಂಚಿಕೊಂಡು ತಿಂದಿರುತ್ತವೆ. ಕೇಬಲ್ಲು, ತೋಳು, ಡ್ರಮ್ಮು, ಲೈನಿಂಗು, ತಟ್ಟೆ ಎಂಬ ಈ ಐದನ್ನು ಕ್ರಮವಾಗಿ ನೋಡಿದರೆ ಕಳೆದುಹೋದುದರಲ್ಲಿ ಬಹುಭಾಗ ಮರಳಿ ಬರುತ್ತದೆ. ಆ ಬಳಿಕವೂ ಉಳಿಯುವುದು ನೀರಿನ ಮತ್ತು ಉಷ್ಣದ ಮಿತಿ. ಅದನ್ನು ಯಾವ ಮೇಸ್ತ್ರಿಯೂ ತೆಗೆಯಲಾರ. ಸವಾರನೇ ಅರಿತು ವೇಗವನ್ನು ಇಳಿಸಬೇಕು. ಕೆಲಸ ಬಾರದವರು ಬಲ್ಲ ಮೇಸ್ತ್ರಿಯ ಕೈಯಲ್ಲಿಯೇ ಮಾಡಿಸಲಿ. ಆದರೆ ಏನು ಮಾಡಿಸಬೇಕೆಂಬುದನ್ನು ತಿಳಿದು ಕೇಳಲಿ. ಈ ಮಳೆಗಾಲಕ್ಕೆ ಮುಂಚೆ ನಮ್ಮ ಮಿತ್ರರಲ್ಲಿ ಕೆಲವರಾದರೂ ತಮ್ಮ ಗಾಡಿಯ ಗಾಲಿಯನ್ನು ಬಿಚ್ಚಿಸಿ ನೋಡಿದರೆ ಈ ಲೇಖನದ ಶ್ರಮ ಸಾರ್ಥಕ.